ಹಳೇ ಯುರೋಪಿನ ಚಿತ್ರಕಾರರು ಹರ್ಕ್ಯುಲಿಸ್ ಕೈಲಿ ನೂಲೋ ಕದಿರು ಯಾಕೆ ಬರೀತಿದ್ರು?

ಗ್ರೀಕ್ ಕಥೇಲಿ ಒಂದು ಕೊಲೆಗೆ ಪ್ರಾಯಶ್ಚಿತ್ತ ಅಂತ ಮಹಾ ಬಲಶಾಲಿ ವೀರ ಹರ್ಕ್ಯುಲಿಸ್ ಲಿಡಿಯಾದ (ಈಗಿನ ಟರ್ಕಿಯ ಪಶ್ಚಿಮ ಭಾಗ) ರಾಣಿ ಓಂಫಲೆಗೆ ಗುಲಾಮನಾಗಿ ಇದ್ದು ನೂಲ್ಬೇಕಾಗತ್ತೆ, ಕದಿರು ಬಂದಿದ್ದು ಅಲ್ಲಿಂದ. ಚಿತ್ರಕಾರ ರೂಬೆನ್ಸ್ 17ನೇ ಶತಮಾನದ ಶುರುವಲ್ಲಿ ಮಾಡಿದ ಪೇಂಟಿಂಗ್ ನೋಡಿ, ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆ, ಹರ್ಕ್ಯುಲಿಸ್ ಹೊದೀತಿದ್ದ ಸಿಂಹದ ಚರ್ಮ ಓಂಫಲೆ ಮೈಮೇಲೆ, ಅಷ್ಟು ದೊಡ್ಡ ಆಳು ಕೂತು ನೂಲ್ತಿದಾನೆ, ಇವಳು ಮೇಲಿಂದ ಅವನ ಕಿವಿ ಹಿಂಡ್ತಿದಾಳೆ, ಮೇಷ್ಟ್ರು ಹುಡುಗನ ಕಿವಿ ಹಿಂಡಿದ ಹಾಗೆ! ಆದ್ರೆ ಇದನ್ನ ಹೆಣ್ಣಿನ ಗೆಲುವು ಅಂದ್ಬಿಡೋದು ಅವಸರ ಅನ್ಸತ್ತೆ ನಂಗೆ. ಜರ್ಮನ್ ಚಿತ್ರಕಾರ ಕ್ರಾನಾಖ್ 1537ರಲ್ಲಿ ಇದೇ ಕಥೆ ಬರೆದ ಚಿತ್ರದಲ್ಲಿ ಹೆಂಗಸರು ಅವನ ತಲೆಗೆ ಬಿಳಿ ಬಟ್ಟೆ ಸುತ್ತುತಿದಾರೆ, ಮೋಹಕ್ಕೆ ಬಿದ್ರೆ ಎಂಥಾ ವೀರನೂ ಹೀಗಾಗ್ತಾನೆ ಅಂತ ಗಂಡಸರಿಗೆ ಕೊಟ್ಟ ಎಚ್ಚರಿಕೆ ಅದು. ನೂಲೋದು ಹೆಂಗಸರ ಕೆಲಸ, ಅದಕ್ಕೇ ಕೀಳು ಅನ್ನೋ ನಂಬಿಕೆ ಇದ್ರೇನೇ ಅದು ಅವನಿಗೆ ಅವಮಾನ ಆಗೋದು, ನಂಗೆ ಬೇಜಾರಾಗೋದೂ ಅಲ್ಲೇ.