1449 ಏಕೆ 1500 ಆಗುವುದಿಲ್ಲ?

ನಾಲ್ಕನೇ ತರಗತಿಯ ನಿಮ್ಮ ಮಗಳು 1449ನ್ನು ಹತ್ತಿರದ ನೂರಕ್ಕೆ ಅಂದಾಜಿಸುವಾಗ ಮೊದಲು 1450 ಮಾಡಿ, ಅದರಿಂದ 1500 ಬರೆಯುತ್ತಾಳೆ. ‘ಐದು ಬಂದರೆ ಮೇಲಕ್ಕೆ’ ಎಂಬ ನಿಯಮ ಪಾಲಿಸಿದರೂ ಉತ್ತರ ಹೇಗೆ ತಪ್ಪಾಯಿತು ಎಂದು ಕೇಳಿದ್ದೀರಿ. ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹಲವು ವರ್ಷ ಚಿಕ್ಕ ಮಕ್ಕಳಿಗೆ ಲೆಕ್ಕ ಕಲಿಸಿದ ನಾನು ಇದೇ ತಪ್ಪನ್ನು ಎಷ್ಟೋ ಸ್ಲೇಟುಗಳ ಮೇಲೆ ನೋಡಿದ್ದೇನೆ. ಇದಕ್ಕೆ ಮಗುವನ್ನು ದೂರಬಾರದು. ನಿಯಮವನ್ನು ಬಾಯಿಪಾಠ ಮಾಡಿಸಿ ಅದರ ಅರ್ಥವನ್ನು ಹಾಗೆಯೇ ಬಿಟ್ಟುಬಿಡುವವರು ದೊಡ್ಡವರಾದ ನಾವು.

ಅಂದಾಜಿಸುವಾಗ ಕೇಳಬೇಕಾದದ್ದು ಒಂದೇ ಪ್ರಶ್ನೆ: ಈ ಸಂಖ್ಯೆ ಯಾವ ನೂರಕ್ಕೆ ಹತ್ತಿರ? 1449ರಿಂದ 1400ಕ್ಕೆ 49, 1500ಕ್ಕೆ 51. ಆದ್ದರಿಂದ ಉತ್ತರ 1400. ನಿಮ್ಮ ಮಗಳು ಎರಡು ಬಾರಿ ಅಂದಾಜಿಸಿದ್ದರಿಂದ, ಎರಡನೆಯ ಸಲ ಅವಳು ಅಳೆದದ್ದು ಕೊಟ್ಟ ಸಂಖ್ಯೆಯಿಂದಲ್ಲದೆ ತಾನೇ ಸರಿಸಿಕೊಂಡ 1450ರಿಂದ.

ನಾನು ಜಗಲಿಯ ಮೇಲೆ ಸೀಮೆಸುಣ್ಣದಿಂದ ಉದ್ದನೆಯ ಗೆರೆ ಎಳೆದು, ಒಂದು ತುದಿಯಲ್ಲಿ 200, ಇನ್ನೊಂದು ತುದಿಯಲ್ಲಿ 300, ನಟ್ಟನಡುವೆ 250 ಬರೆದು, ಜೋಗ ಜಲಪಾತದ ಎತ್ತರ 253 ಮೀಟರ್ ಎಂದು ಹೇಳಿ ಮಗುವಿನ ಕೈಗೆ ಒಂದು ಅಡಿಕೆ ಕೊಡುತ್ತಿದ್ದೆ. ಅಡಿಕೆ ನಡುಗೆರೆಯನ್ನು ತುಸುವೇ ದಾಟಿ ಕುಳಿತಾಗ ಉತ್ತರ 300 ಎಂದು ಮಗುವೇ ಹೇಳುತ್ತಿತ್ತು. ಹತ್ತಕ್ಕೆ ಅಂದಾಜಿಸಲು ತುದಿಗಳಲ್ಲಿ 250 ಮತ್ತು 260 ಎಂದು ತಿದ್ದಿದರೆ, ಅದೇ 253 ಈಗ 250ರ ಕಡೆ ಬರುತ್ತದೆ. ಸಂಖ್ಯೆ ಒಂದೇ ಆದರೂ ಉತ್ತರ ಎರಡಾಗುವುದು ಮಕ್ಕಳಿಗೆ ದೊಡ್ಡ ಬೆರಗು. ಅಲ್ಲಿ ಅವಸರ ಮಾಡಬೇಡಿ.

ಸರಿಯಾಗಿ ನಡುವೆ ನಿಲ್ಲುವ 250ನ್ನು ಮೇಲಕ್ಕೆ ಕಳಿಸುವುದು ಶಾಲೆಯ ಲೆಕ್ಕದಲ್ಲಿ ಎಲ್ಲರೂ ಒಪ್ಪಿಕೊಂಡ ರೂಢಿ. ಅದು 200ಕ್ಕೂ 300ಕ್ಕೂ ಸಮದೂರದಲ್ಲಿದೆ ಎಂಬುದನ್ನು ಮಗುವಿಗೆ ಮುಚ್ಚಿಡಬೇಡಿ.

ಎಲ್ಲಿ ಅಂದಾಜಿಸಬಾರದೆಂಬುದನ್ನೂ ತಿಳಿಸಿ. ನೂರು ಕಿಲೋ ಒಂದು ಕ್ವಿಂಟಾಲ್ ಆದ್ದರಿಂದ 347 ಕಿಲೋ ಅಡಿಕೆಯನ್ನು ಮಾತಿನಲ್ಲಿ ಮೂರು ಕ್ವಿಂಟಾಲ್ ಎನ್ನಬಹುದು, ಆದರೆ ಹಣ ಎಣಿಸುವಾಗ 47 ಕಿಲೋ ಬಿಟ್ಟುಕೊಡಲು ಯಾವ ಬೆಳೆಗಾರನೂ ಒಪ್ಪಲಾರ. ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ಅದನ್ನು 1800 ಎಂದರೆ, ಮಳೆಗಾಲದಲ್ಲಿ ನಾವು ಅಡಿ ಅಡಿಯಾಗಿ ಕಾದು ನೋಡುವ 19 ಅಡಿ ನೀರೇ ಲೆಕ್ಕದಿಂದ ಮಾಯವಾಗುತ್ತದೆ.

ಗೆರೆಯ ಆಟ ಚೆನ್ನಾಗಿ ಮನಸ್ಸಿಗೆ ಹತ್ತಿದ ಮೇಲೆ ನಿಯಮಕ್ಕೆ ಬನ್ನಿ: ನೂರಕ್ಕೆ ಅಂದಾಜಿಸುವಾಗ ಹತ್ತರ ಸ್ಥಾನದ ಅಂಕಿಯೊಂದನ್ನೇ ನೋಡಬೇಕು. 1449ರಲ್ಲಿ ಅದು 4. ಬಿಡಿಸ್ಥಾನದ 9ನ್ನು ಅವಳು ಬೆರಳಿನಿಂದ ಮುಚ್ಚಿಕೊಂಡೇ ಉತ್ತರ ಹೇಳಲಿ.