ಕತ್ತರಿ ಹಾಕಿದ್ದರೆ ‘ಕಳಂಕ್’ ಉಳಿಯುತ್ತಿತ್ತೇ?

ಧಾರವಾಡದ ಓದುಗರೊಬ್ಬರ ಪತ್ರದ ಸಾರ: ‘ಮನೆಮಂದಿಯೆಲ್ಲ ಕೂತು ಹಿಂದಿಯ ‘ಕಳಂಕ್’ ನೋಡಿದೆವು. ಸೆಟ್ಟು, ಬಟ್ಟೆ, ಬೆಳಕಿಗೆ ಕಣ್ಣು ಸೋತಿತು. ಆದರೆ ಕೊನೆಗೆ ನಾಯಕ ಸತ್ತಾಗ ಒಬ್ಬರ ಕಣ್ಣಲ್ಲೂ ನೀರಿಲ್ಲ. ಅರ್ಧ ಗಂಟೆ ಕತ್ತರಿಸಿದ್ದರೆ ಚಿತ್ರ ಗೆಲ್ಲುತ್ತಿತ್ತೇ?’

ಸಂಪಾದಕರ ಉತ್ತರ:

ಇಲ್ಲ, ಗೆಲ್ಲುತ್ತಿರಲಿಲ್ಲ. 2019ರ ಏಪ್ರಿಲ್‌ನಲ್ಲಿ ತೆರೆಕಂಡ ಈ ಚಿತ್ರದ ಅವಧಿ ಸುಮಾರು 2 ಗಂಟೆ 45 ನಿಮಿಷ. ಬಂದಾಗಲೂ ಹೆಚ್ಚಿನವರು ಉದ್ದವನ್ನೇ ದೂರಿದರು. ಉದ್ದ ಅನ್ನಿಸಿದ್ದು ನಿಜ, ಆದರೆ ಅದಕ್ಕೆ ಕಾರಣ ದೃಶ್ಯಗಳು ಹೆಚ್ಚಾದದ್ದಲ್ಲ, ಬೇಕಾದ ದೃಶ್ಯಗಳು ಇಲ್ಲದೇ ಹೋದದ್ದು. ಇಲ್ಲದ್ದನ್ನು ಕತ್ತರಿ ತಂದುಕೊಡಲಾರದು.

ಕಥೆಯ ಬುಡ ನೋಡಿ. ಕ್ಯಾನ್ಸರಿನಿಂದ ಸಾಯುತ್ತಿರುವ ಸತ್ಯಾ, ತನ್ನ ಗಂಡ ದೇವ್ ಚೌಧರಿಯ ಜೊತೆಗಿರಲು ರೂಪ್‌ಳನ್ನು ಕರೆಯುತ್ತಾಳೆ. ಮದುವೆಯಾದರೆ ಮಾತ್ರ ಬರುತ್ತೇನೆ ಎಂದು ರೂಪ್ ಷರತ್ತು ಹಾಕುತ್ತಾಳೆ. ತಂಗಿಯರ ಬದುಕಿಗಾಗಿ ತನ್ನ ಬದುಕನ್ನೇ ಒತ್ತೆ ಇಟ್ಟ ಹುಡುಗಿ. ಎಂಥ ಗಟ್ಟಿ ಬೀಜ ಇದು! ಇದಾದ ಮೇಲೆ ನೋಡುವವರು ಎರಡು ವಿಷಯಕ್ಕೆ ಕಾಯುತ್ತಾರೆ. ತಾನೇ ತಂದ ಸವತಿಯನ್ನು ದಿನವೂ ನೋಡುವಾಗ ಸತ್ಯಾಗೆ ಏನಾಗುತ್ತದೆ? ಆ ತಂಗಿಯರ ಗತಿ ಏನಾಯಿತು? ಚಿತ್ರ ಎರಡನ್ನೂ ಮೇಲೆ ಮೇಲೆ ಮುಟ್ಟಿ ಹಾಡು ಕುಣಿತದವರ ಪೇಟೆ ಹೀರಾ ಮಂಡಿಯ ದೀಪಗಳ ಕಡೆ ಓಡುತ್ತದೆ. ರೂಪ್ ಕಳೆದುಕೊಂಡದ್ದು ಎಷ್ಟೆಂದು ನಮಗೆ ಲೆಕ್ಕ ಸಿಗದಿದ್ದರೆ, ಮುಂದೆ ನಾಯಕ ಜಾಫರ್‌ನ ಪ್ರೀತಿಯಲ್ಲಿ ಅವಳಿಗೆ ದಕ್ಕಿದ್ದೂ ತಿಳಿಯುವುದಿಲ್ಲ.

ಇನ್ನು ಸಂಗೀತ ಪಾಠ. ನಮ್ಮ ಮಟ್ಟಿಗೆ ದೊಡ್ಡ ನಷ್ಟ ಆಗಿರುವುದು ಇಲ್ಲೇ. ಹೀರಾ ಮಂಡಿಯ ಗಾಯಕಿ ಬಹಾರ್ ಬೇಗಂಳ ದನಿ ಕೇಳಿ ರೂಪ್ ಅವಳ ಬಳಿ ಹಾಡು ಕಲಿಯಲು ಹೋಗುತ್ತಾಳೆ. ಬಹಾರ್‌ಗೂ ರೂಪ್‌ಳ ಮಾವ ಬಲರಾಜ್ ಚೌಧರಿಗೂ ಮದುವೆಯಾಚೆ ಹುಟ್ಟಿದ ಮಗನೇ ಜಾಫರ್. ಅಂದರೆ ತನ್ನನ್ನು ಕೈಬಿಟ್ಟ ಮನೆಯ ಸೊಸೆಗೆ ಬಹಾರ್ ಪಾಠ ಹೇಳಬೇಕು, ಅದೂ ಮಗ ಆ ಸೊಸೆಯನ್ನು ಸೇಡಿನ ದಾಳವಾಗಿಸಿಕೊಳ್ಳಲು ಹೊರಟಿರುವಾಗ. ಮೂರು ಪಾಠದ ದೃಶ್ಯಗಳು ಸಾಕಿದ್ದವು. ಮೊದಲನೆಯದರಲ್ಲಿ ರೂಪ್‌ಗೆ ಷಡ್ಜ ನಿಲ್ಲಿಸಲೂ ಬಾರದು, ಗುರು ತಾಳ್ಮೆಯಿಲ್ಲದೆ ನಿಲ್ಲಿಸುತ್ತಾಳೆ. ಎರಡನೆಯದರಲ್ಲಿ ಅದೇ ಸಾಲು ಸರಿಬರುತ್ತದೆ, ಗುರುವಿಗೆ ಬೇಡವೆಂದರೂ ಅಕ್ಕರೆ ಹುಟ್ಟುತ್ತದೆ. ಮೂರನೆಯದರಲ್ಲಿ ಶಿಷ್ಯೆಯ ದನಿಯಲ್ಲೇ ಪ್ರೇಮದ ಗುರುತು ಸಿಕ್ಕಿ ಗುರು ತಂಬೂರಿ ಕೆಳಗಿಡುತ್ತಾಳೆ. ಹೀಗಾಗಿದ್ದರೆ ಬಹಾರ್‌ಳ ಭಯ ನಮ್ಮ ಭಯವಾಗುತ್ತಿತ್ತು. ಬಹಾರ್ ಆಗಿ ಮಾಧುರಿ ದೀಕ್ಷಿತ್‌ರಂಥ ಕಲಾವಿದೆ ಎದುರಿಗಿರುವಾಗ ಇದನ್ನು ಬಿಟ್ಟದ್ದಕ್ಕೆ ಹೊಟ್ಟೆ ಉರಿಯುತ್ತದೆ.

ಹಾಡುಗಳ ವಿಷಯಕ್ಕೆ ಬರೋಣ. ದಸರಾ ಸಂಭ್ರಮದ ‘ಘರ್ ಮೋರೆ ಪರದೇಸಿಯಾ’ ಚೆಂದವಾಗಿದೆ, ಬಿನೋದ್ ಪ್ರಧಾನ್‌ರ ಕ್ಯಾಮೆರಾಗೆ ಕೈಮುಗಿಯಬೇಕು. ಆದರೆ ಹಾಡಿನ ಒಳಗೆ ಕಥೆ ಒಂದು ಹೆಜ್ಜೆಯೂ ಮುಂದಿಡುವುದಿಲ್ಲ. ಇದರ ಪಕ್ಕದಲ್ಲಿ 1960ರ ‘ಮುಘಲ್-ಎ-ಆಜಂ’ ಇಟ್ಟು ನೋಡಿ. ಕಪ್ಪು ಬಿಳುಪಿನ ಆ ಚಿತ್ರದಲ್ಲಿ ಶೀಶ್ ಮಹಲಿನ (ಕನ್ನಡಿ ಮಹಲಿನ) ಹಾಡಿಗೆ ಬಣ್ಣ ಬರುತ್ತದೆ. ನರ್ತಕಿ ಅನಾರ್ಕಲಿ ಬಾದಷಹ ಅಕ್ಬರನ ಎದುರಿಗೇ ಅವನ ಮಗ ಸಲೀಮನ ಮೇಲಿನ ತನ್ನ ಪ್ರೀತಿಯನ್ನು ಸಾರುತ್ತಾಳೆ, ಅವನು ತಲೆ ಎತ್ತಿದರೆ ಕನ್ನಡಿ ಕನ್ನಡಿಯಲ್ಲೂ ಅವಳೇ. ಒಬ್ಬಳನ್ನು ಬಾಯಿ ಮುಚ್ಚಿಸಬಹುದು, ಅಷ್ಟು ಬಿಂಬಗಳನ್ನು ಏನು ಮಾಡುವುದು? ಹಾಡು ಮುಗಿಯುವ ಹೊತ್ತಿಗೆ ಅವಳಿಗೆ ಹಿಂದಿರುಗುವ ದಾರಿ ಮುಚ್ಚಿದೆ. ಅಲ್ಲಿ ಸೆಟ್ಟೇ ಒಂದು ಪಾತ್ರ. ‘ಕಳಂಕ್’ನಲ್ಲಿ ನೀರು, ದೋಣಿ, ತೂಗುದೀಪಗಳೆಲ್ಲ ಪಾತ್ರಗಳ ಹಿಂದೆ ನಿಂತ ಪರದೆ ಅಷ್ಟೆ. ಲಾಹೋರಿನ ನಿಜವಾದ ಹೀರಾ ಮಂಡಿ ಬಾದಷಾಹಿ ಮಸೀದಿ ಮತ್ತು ಕೋಟೆಯ ಮಗ್ಗುಲಲ್ಲಿರುವ ಹಳೇ ಪೇಟೆ. ಚಿತ್ರ ಅದನ್ನು ಹುಸ್ನಾಬಾದ್ ಎಂಬ ಕಲ್ಪಿತ ಊರಿಗೆ ಸಾಗಿಸಿದ್ದು ತಪ್ಪಲ್ಲ. ಆದರೆ ಆ ಹಳೇ ಪೇಟೆಯ ಇಕ್ಕಟ್ಟು ಕಳೆದುಹೋದಾಗ ಯಾರಾದರೂ ನೋಡಿಬಿಟ್ಟಾರೆಂಬ ಅಳುಕೂ ಹೋಯಿತು. ಕದ್ದು ಭೇಟಿಯಾಗುವವರ ಕಥೆಗೆ ಆ ಅಳುಕೇ ಉಸಿರು.

ದೇಶ ವಿಭಜನೆಯ ಹೊತ್ತಿನ ದಂಗೆಯ ಭಾಗವೂ ಹೀಗೇ ಸಡಿಲ. ದೇವ್ ತನ್ನ ಪತ್ರಿಕೆಯಲ್ಲಿ ಉಕ್ಕಿನ ಕಾರ್ಖಾನೆಯ ಪರ ಬರೆಯುತ್ತಾನೆ, ಕುಲುಮೆಯವರು ಕೆರಳುತ್ತಾರೆ. ಹಿಂದಿ ಚಿತ್ರಗಳಲ್ಲಿ ಅಪರೂಪದ ಎಳೆ ಇದು. ಆದರೆ ಜಾಫರ್‌ನ ಕುಲುಮೆಯಲ್ಲಿ ಮಾಡಿದ್ದನ್ನು ಕೊಳ್ಳುವವರು ಯಾರು, ಕಾರ್ಖಾನೆ ಬಂದರೆ ಯಾವ ಮನೆಯ ಒಲೆ ಆರುತ್ತದೆ ಎಂಬುದು ಕಾಣುವುದೇ ಇಲ್ಲ. ಚರಿತ್ರೆಯಲ್ಲಿ 1947ರ ಮಾರ್ಚ್ 2ರಂದು ಪಂಜಾಬ್ ಪ್ರಾಂತ್ಯದ ಪ್ರಧಾನಿ (ಪ್ರೀಮಿಯರ್) ಖಿಜರ್ ಹಯಾತ್ ಟಿವಾನಾ ರಾಜೀನಾಮೆ ಕೊಟ್ಟ ಎರಡು ಮೂರು ದಿನಗಳಲ್ಲೇ ಲಾಹೋರ್ ಹೊತ್ತಿಕೊಂಡಿತು. ಬೆಂಕಿಗೆ ಅಂಥ ದಿನ, ಅಂಥ ಕಾರಣ ಇರುತ್ತದೆ. ಚಿತ್ರದಲ್ಲಿ ಗಲಭೆ ಬರುವುದು ಕ್ಲೈಮ್ಯಾಕ್ಸಿಗೆ ಬೇಕಾಗಿದೆ ಎಂಬ ಕಾರಣಕ್ಕೆ.

ಕಣ್ಣೀರು ಬಾರದ್ದಕ್ಕೆ ಇನ್ನೂ ಒಂದು ಸಣ್ಣ ಕಾರಣವಿದೆ. ವರ್ಷಗಳ ನಂತರ ರೂಪ್ ತನ್ನ ಕಥೆಯನ್ನು ಬರಹಗಾರನೊಬ್ಬನಿಗೆ ಹೇಳುವ ಚೌಕಟ್ಟು. ಅವಳು ಬದುಕಿದ್ದಾಳೆಂದು ನಮಗೆ ಗೊತ್ತು, ಅವಳ ಮಾತಿನ ಧಾಟಿ ಕೇಳಿದರೆ ಜಾಫರ್ ಇಲ್ಲವೆಂದೂ ಹೊಳೆಯುತ್ತದೆ. ಹೀಗಿರುವಾಗ ಕೊನೆಯಲ್ಲಿ ಗಲಭೆಯಿಂದ ಪಾರಾಗಲು ಅವರು ಹತ್ತಬೇಕಾದ ರೈಲು ಹೊರಟರೆ ಎದೆ ಹೊಡೆದುಕೊಳ್ಳುವುದು ಹೇಗೆ? ಆ ಚೌಕಟ್ಟನ್ನು ಕಿತ್ತಿದ್ದರೆ ಕೊನೆಯ ಓಟಕ್ಕೆ ಬಲ ಬರುತ್ತಿತ್ತು. ಕತ್ತರಿಗೆ ನಾವು ಒಪ್ಪುವುದು ಇದೊಂದಕ್ಕೆ, ಜೊತೆಗೆ ಆ ಗೂಳಿ ಕಾಳಗಕ್ಕೆ.

ಇನ್ನೊಮ್ಮೆ ನೋಡುವುದಾದರೆ ಬಲರಾಜ್ ಮತ್ತು ಬಹಾರ್ ಎದುರುಬದುರಾಗುವ ದೃಶ್ಯ ನೋಡಿ. ಹಾಡಿಲ್ಲ, ಗುಂಪಿಲ್ಲ. ವಯಸ್ಸಾದ ಇಬ್ಬರು, ಅವರ ನಡುವೆ ಒಬ್ಬ ಮಗ. ಅಷ್ಟು ಹೊತ್ತು ಸೆಟ್ಟಿನ ಕಡೆ ನಿಮ್ಮ ಕಣ್ಣು ಹೋಗುವುದಿಲ್ಲ.