ಗದಗಿನ ನಮ್ಮ ಚಿತ್ರಕಲಾ ತರಗತಿಯಲ್ಲಿ ಬರೀ ತಾರೀಖು ಬರೆದ ಕ್ಯಾನ್ವಾಸ್ ಒಂದರ ಫೋಟೋ ತೋರಿಸಿದರು. ಅದು ಕಲೆ ಹೇಗಾಗುತ್ತದೆ?

ಆ ತಾರೀಖಿಗಾಗಿ ಕಲಾವಿದ ದಿನವನ್ನೇ ತೆತ್ತಿರುವುದರಿಂದ. ತರಗತಿಯಲ್ಲಿ ನಿಮಗೆ ತೋರಿಸಿದ್ದು ಜಪಾನ್ ಮೂಲದ ಆನ್ ಕವಾರಾ 1966ರ ಜನವರಿ 4ರಂದು ಆರಂಭಿಸಿದ ಚಿತ್ರ ಸರಣಿ. ನಿಯಮ ಕಠೋರ: ಅಂದಿನ ತಾರೀಖಿನ ಚಿತ್ರ ಅಂದೇ ಮುಗಿಯಬೇಕು, ಮಧ್ಯರಾತ್ರಿ ದಾಟಿದರೆ ನಾಶ. ಮುದ್ರಿಸಿದಂತೆ ಕಾಣುವ ಆ ಬಿಳಿ ಅಕ್ಷರ, ಅಂಕಿಗಳನ್ನು ಅವರು ಪದರ ಪದರ ಬಣ್ಣದ ಮೇಲೆ ಕೈಯಿಂದಲೇ ಗಂಟೆಗಟ್ಟಲೆ ತಿದ್ದುತ್ತಿದ್ದರು. ಚಿತ್ರವನ್ನಿಡಲು ರಟ್ಟಿನ ಪೆಟ್ಟಿಗೆ. ಅನೇಕ ಸಲ ಅದರೊಳಗೆ ಅವರಿದ್ದ ಊರಿನ ಅಂದಿನ ಪತ್ರಿಕೆಯ ತುಣುಕು. (ಹುಬ್ಬಳ್ಳಿಗೆ ಬಂದಿದ್ದರೆ ‘ಸಂಯುಕ್ತ ಕರ್ನಾಟಕ’ದ ಹಾಳೆ ಸೇರುತ್ತಿತ್ತೇನೋ!) ಕ್ಯಾನ್ವಾಸಿನ ಮೇಲೆ ಮಾತ್ರ ಮದುವೆಯಿಲ್ಲ, ಮಳೆಯಿಲ್ಲ, ಸಾವಿಲ್ಲ. ಆ ದಿನ ನಿಮಗೇನಾಯಿತೆಂಬುದನ್ನು ನೀವೇ ತುಂಬಿಕೊಳ್ಳಬೇಕು. ಏನೂ ಹೊಳೆಯದಿದ್ದರೆ ನಿಮ್ಮ ಮರೆವೇ ಎದುರಿಗಿರುತ್ತದೆ. ಮೊಬೈಲ್ ಪರದೆಯಲ್ಲಿ ಇದು ಸಪ್ಪೆ ಎನಿಸಿದರೆ ತಪ್ಪು ನಿಮ್ಮದಲ್ಲ, ಕುಂಚದ ಆ ಶ್ರಮ ಫೋಟೋದಲ್ಲಿ ಕಾಣುವುದೇ ಇಲ್ಲ.